ತಾಯಿ ಚಿಟ್ಟೆಯ ಪರೀಕ್ಷೆ

ನಮ್ಮೂರು ದೊಡ್ಡಮಳೂರು ಎಂದರೆ ಬೆಂಗಳೂರಿನಲ್ಲಿ ಸಿಗುವ ಹೆಚ್ಚಿನವರು ಕೂಡಲೇ "ಅಂಬೆಗಾಲು ಕೃಷ್ಣನ ಊರಲ್ವಾ?" ಅನ್ನುತ್ತಾರೆ. ಹೌದು, ಅದೇ ಊರು. ಚನ್ನಪಟ್ಟಣ ದಾಟಿ ಮೈಸೂರು ಕಡೆಗೆ ಸ್ವಲ್ಪ ದೂರ ಬಂದರೆ ಹಳೇ ಹೆದ್ದಾರಿಯ ಪಕ್ಕದಲ್ಲೇ ಅಪ್ರಮೇಯಸ್ವಾಮಿ ದೇವಸ್ಥಾನ. ಮಕ್ಕಳಾಗಲಿ ಎಂದು ಹರಕೆ ಹೊತ್ತವರು ಅಲ್ಲಿಯ ಕೃಷ್ಣನಿಗೆ ಪುಟ್ಟ ತೊಟ್ಟಿಲು ತಂದು ಒಪ್ಪಿಸುತ್ತಾರೆ. ಚಿಕ್ಕಂದಿನಲ್ಲಿ ನನಗೂ ಅಕ್ಕನಿಗೂ ಆ ತೊಟ್ಟಿಲುಗಳ ಮೇಲೆ ಕಣ್ಣು. ಇಷ್ಟು ಚೆಂದದ ಬೊಂಬೆ ಸಾಮಾನನ್ನು ದೇವರಿಗೆ ಕೊಟ್ಟುಬಿಡುತ್ತಾರಲ್ಲ ಎಂದು ಹೊಟ್ಟೆಯುರಿ.

ನಮ್ಮ ಮನೆಯಲ್ಲಿ ತೂಗದೆಯೇ ಬೆಳೆಸುವ ಮಕ್ಕಳಿದ್ದವು. ರೇಷ್ಮೆ ಹುಳ. ಅಪ್ಪ ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುತ್ತಿದ್ದರು. ಹುಳದ ಮನೆಗೆ ಕಾಲು ತೊಳೆಯದೆ ಹೋಗುವಂತಿರಲಿಲ್ಲ. ಹೊರಗಿನವರು ಬಾಗಿಲಲ್ಲಿ ಇಣುಕಿದರೂ ಅವ್ವನಿಗೆ ಸಿಟ್ಟು, ದೃಷ್ಟಿಯಾಗುತ್ತದೆ ಎಂದು. ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ತಲೆಯೆತ್ತಿ ಮಲಗುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ತಿನ್ನುವ ಸದ್ದು ಮಳೆ ಬಂದ ಹಾಗೆ ಕೇಳುತ್ತದೆ. ಆ ಸದ್ದಿನಲ್ಲಿ ನಿದ್ದೆ ಮಾಡಿ ಬೆಳೆದವಳು ನಾನು. ಹಾಸ್ಟೆಲಿನಲ್ಲಿ ಮೊದಮೊದಲು ನಿದ್ದೆ ಬರದಿದ್ದುದಕ್ಕೆ ಅದೇ ಕಾರಣವಿರಬೇಕು.

2008ರಲ್ಲಿ, ನಾನು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ಬೆಳೆ ಕೆಟ್ಟಿತು. ಅಪ್ಪ ಆ ಸಲ ಮೊಟ್ಟೆಯನ್ನು ಎಲ್ಲಿಂದ ತಂದಿದ್ದರು ಎಂಬುದು ಈಗ ಬೇಡ. ನೂರು ಮೊಟ್ಟೆ ತಂದಿದ್ದರು. ನೂರು ಮೊಟ್ಟೆ ಎಂದರೆ ನೂರು ಕಾಳಲ್ಲ, ನೂರು ಚಿಟ್ಟೆ ಇಟ್ಟ ಮೊಟ್ಟೆಗಳು. ಒಂದೊಂದು ಚಿಟ್ಟೆಯದು ನಾನೂರರಿಂದ ಐನೂರು. ಎರಡನೇ ಜ್ವರದ ತನಕ ಚೆನ್ನಾಗಿಯೇ ಇತ್ತು. ಮೂರನೆಯದರಲ್ಲಿ ಅರ್ಧ ಹುಳ ಎದ್ದವು, ಅರ್ಧ ಮಲಗಿಯೇ ಇದ್ದವು. ಒಂದೇ ತಟ್ಟೆಯಲ್ಲಿ ಬೆರಳುದ್ದದ್ದೂ ಉಗುರುದ್ದದ್ದೂ. ಕೆಲವದರ ಮೈಮೇಲೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆ. ಅವ್ವ ಮೆಣಸಿನಕಾಯಿ, ಉಪ್ಪು ಇಳಿದೆಗೆದು ಒಲೆಗೆ ಹಾಕಿದಳು. ಅಪ್ಪ ನಾಲ್ಕು ಹುಳವನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಚನ್ನಪಟ್ಟಣದ ರೇಷ್ಮೆ ಇಲಾಖೆಯವರ ಹತ್ತಿರ ಹೊರಟರು. ಭಾನುವಾರವಾಗಿರಲಿಲ್ಲ, ಆದರೂ ನಾನು ಶಾಲೆ ತಪ್ಪಿಸಿ ಸೈಕಲ್ಲಿನ ಹಿಂದೆ ಕೂತೆ.

ಅಲ್ಲಿದ್ದ ಅಧಿಕಾರಿ ಹುಳವನ್ನು ಒಂದು ಚಿಕ್ಕ ಕುಟ್ಟಾಣಿಯಲ್ಲಿ ಅರೆದು, ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ಏನೂ ಮಾತಾಡಲಿಲ್ಲ. ಆಮೇಲೆ ಯಾಕೋ ನನ್ನನ್ನು ಕರೆದು, "ನೋಡು ಮಗಾ" ಎಂದರು. ಸ್ಟೂಲಿನ ಮೇಲೆ ಹತ್ತಿ ನೋಡಿದೆ. ಬೆಳಕಿನ ಬಯಲಿನಲ್ಲಿ ಎಳ್ಳಿನಂತಹ ಮೊಟ್ಟೆಯಾಕಾರದ ಕಾಳುಗಳು, ಸಾವಿರಾರು, ಥಳಥಳ ಹೊಳೆಯುತ್ತ ಅಲ್ಲಾಡುತ್ತಿದ್ದವು. ಎಷ್ಟು ಚೆನ್ನಾಗಿತ್ತೆಂದರೆ ನಾನು ನಕ್ಕೆ. ಹಿಂದೆ ಅಪ್ಪ ನಿಂತಿದ್ದಾರೆ ಎಂಬುದು ಆಮೇಲೆ ನೆನಪಾಯಿತು.

ಗಂಟುರೋಗ. ಪುಸ್ತಕದಲ್ಲಿ ಪೆಬ್ರಿನ್. ಅದಕ್ಕೆ ಔಷಧಿ ಇಲ್ಲ, ಸುಡಬೇಕು, ಮನೆಯನ್ನೆಲ್ಲ ಬ್ಲೀಚಿಂಗ್ ಪುಡಿ ಸುಣ್ಣದಿಂದ ತೊಳೆಯಬೇಕು ಎಂದರು. ಆ ಸಂಜೆ ಹಿತ್ತಲಿನಲ್ಲಿ ಗುಂಡಿ ತೋಡಿ ಹುಳ, ಸೊಪ್ಪು, ಹಿಕ್ಕೆ ಎಲ್ಲವನ್ನೂ ಸುರಿದು ಬೆಂಕಿ ಹಾಕಿದರು. ಚೆನ್ನಾಗಿದ್ದ ಹುಳಗಳೂ ಇದ್ದವು. ಅವ್ವ ಒಂದು ತಟ್ಟೆಯನ್ನು ಹಿಡಿದುಕೊಂಡು, "ಇವೇನ್ ಮಾಡವೆ, ಇವು ಸೊಪ್ಪು ತಿಂತಾವಲ್ಲಾ" ಅನ್ನುತ್ತಿದ್ದಳು. ಅಪ್ಪ ಅದನ್ನೂ ಕಿತ್ತುಕೊಂಡರು.

ಆ ಹೊಳೆಯುವ ಕಾಳಿನ ಹೆಸರು ನೊಸೆಮಾ ಬೊಂಬಿಸಿಸ್. ಉದ್ದ ಹೆಚ್ಚೆಂದರೆ ಒಂದು ಮಿಲಿಮೀಟರಿನ 250ನೇ ಒಂದು ಭಾಗ. ಈಗ ನಾನು ಪಿಎಚ್‌.ಡಿ. ಮಾಡುತ್ತಿರುವುದು ಅದರ ಮೇಲೆಯೇ. ಅದನ್ನು ಬೇಗ, ಕಡಿಮೆ ಖರ್ಚಿನಲ್ಲಿ, ಬಿತ್ತನೆ ಕೋಠಿಯಲ್ಲೇ ಪತ್ತೆ ಮಾಡುವ ವಿಧಾನದ ಮೇಲೆ. ಸಂದರ್ಶನದಲ್ಲಿ "ಈ ವಿಷಯವೇ ಯಾಕೆ?" ಎಂದು ಕೇಳಿದಾಗ ಸಂಶೋಧನೆಯ ಕೊರತೆ, ರೈತರ ಅಗತ್ಯ ಎಂದೆಲ್ಲ ಹೇಳಿದೆ. ನಕ್ಕಿದ್ದನ್ನು ಹೇಳಲಿಲ್ಲ.

ಈ ರೋಗದ ಕಥೆಯಲ್ಲಿ ಲೂಯಿ ಪಾಶ್ಚರ್ ಬರುತ್ತಾನೆ. ಹಾಲು ಕಾಯಿಸಿದವನು, ಹುಚ್ಚುನಾಯಿ ಲಸಿಕೆಯವನು ಎಂದಷ್ಟೇ ನಮಗೆ ಗೊತ್ತು. 1865ರಲ್ಲಿ ಫ್ರಾನ್ಸಿನ ರೇಷ್ಮೆ ಊರುಗಳು ಗಂಟುರೋಗದಿಂದ ನೆಲಕಚ್ಚಿದಾಗ ಅವನ ಗುರು ಡ್ಯೂಮಾ ಅವನನ್ನು ಆಲೆಸ್ ಎಂಬ ಊರಿಗೆ ಕಳಿಸಿದ. ಪಾಶ್ಚರ್ ಅದುವರೆಗೆ ರೇಷ್ಮೆ ಹುಳವನ್ನು ಮುಟ್ಟಿದವನಲ್ಲ. ದಾರಿಯಲ್ಲಿ ಕೀಟಗಳ ಬಗ್ಗೆ ಬರೆಯುತ್ತಿದ್ದ ಫಾಬ್ರ್ ಎಂಬವನನ್ನು ಕಂಡು ಒಂದು ಗೂಡು ಕೇಳಿ ಇಸಿದುಕೊಂಡು, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದನಂತೆ. ಫಾಬ್ರ್ ಇದನ್ನು ಬರೆದಿಟ್ಟಿದ್ದಾನೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಯಾರಾದರೂ ಹಾಗೆ ಕೇಳಿದ್ದರೆ ಇವತ್ತಿಗೂ ಅಡ್ಡಹೆಸರಾಗಿ ಉಳಿದಿರುತ್ತಿತ್ತು!

ಅದೇ ವರ್ಷ ಅವನ ತಂದೆ ತೀರಿಕೊಂಡ. ಎರಡು ವರ್ಷದ ಮಗಳು ಕಮೀಲ್ ತೀರಿಕೊಂಡಳು. ಮರುವರ್ಷ ಹನ್ನೆರಡರ ಸೆಸೀಲ್ ಟೈಫಾಯಿಡ್‌ನಿಂದ ಹೋದಳು. ದೊಡ್ಡವಳೊಬ್ಬಳು ಅದಕ್ಕೂ ಮೊದಲೇ ಅದೇ ಕಾಯಿಲೆಯಲ್ಲಿ ಹೋಗಿದ್ದಳು. 1868ರಲ್ಲಿ ಅವನಿಗೇ ಲಕ್ವ ಹೊಡೆಯಿತು. ಇದರ ನಡುವೆ ಅವನು ಹುಳ ಅರೆಯುತ್ತ ಕೂತಿದ್ದ. ಆ ಕಾಳು ರೋಗದ ಕಾರಣವೋ ರೋಗದ ಫಲವೋ ಎಂಬುದರಲ್ಲೂ ಅವನು ಮೊದಲು ತಪ್ಪಿದ, ಆಮೇಲೆ ತಿದ್ದಿಕೊಂಡ.

ಅವನಿಗಿಂತ ಮೊದಲೇ ಬೇರೆಯವರು ಆ ಕಾಳುಗಳನ್ನು ಕಂಡಿದ್ದರು. ನೇಗೆಲಿ ಎಂಬ ವಿಜ್ಞಾನಿ 1857ರಲ್ಲಿ ಹೆಸರನ್ನೂ ಇಟ್ಟಿದ್ದ. ಪಾಶ್ಚರ್ ಮಾಡಿದ್ದು ಎಲ್ಲಿ ಹುಡುಕಬೇಕು ಎಂಬುದನ್ನು ಬದಲಿಸಿದ್ದು. ಸೋಂಕು ತಾಯಿಯಿಂದ ಮೊಟ್ಟೆಯೊಳಗೇ ಇಳಿಯುತ್ತದೆ. ಆದರೆ ಮೊಟ್ಟೆಯಲ್ಲಿ ಹುಡುಕಿದರೆ ಕಾಣದೆಯೂ ಹೋಗಬಹುದು. ತಾಯಿಯಲ್ಲಾದರೆ ಅದು ಬಲಿತು ತುಂಬಿಕೊಂಡಿರುತ್ತದೆ. ಒಂದೊಂದು ಚಿಟ್ಟೆಯೂ ಬೇರೆ ಬೇರೆ ಬಟ್ಟೆ ಚೂರಿನ ಮೇಲೆ ಮೊಟ್ಟೆ ಇಡಲಿ, ಆಮೇಲೆ ಆ ಚಿಟ್ಟೆಯನ್ನು ಅರೆದು ನೋಡಿ, ಕಾಳು ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡಿ ಎಂದ. ಅಷ್ಟೇ. ಇವತ್ತಿಗೂ ನಮ್ಮ ಬಿತ್ತನೆ ಕೋಠಿಗಳಲ್ಲಿ ನಡೆಯುವುದು ಮೂಲತಃ ಅದೇ. ಹೆಸರೂ ಅದೇ, ತಾಯಿ ಚಿಟ್ಟೆ ಪರೀಕ್ಷೆ. ಅದರಲ್ಲಿ ಪಾಸಾದ ಮೊಟ್ಟೆಗೆ ರೋಗರಹಿತ ಮೊಟ್ಟೆ ಎನ್ನುತ್ತಾರೆ.

ಸೂಕ್ಷ್ಮದರ್ಶಕದ ತೊಂದರೆ ಏನೆಂದರೆ ಅದರ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. ದಿನವಿಡೀ ನೂರಾರು ಸ್ಲೈಡು ನೋಡಿದವನ ಕಣ್ಣು ಮಧ್ಯಾಹ್ನದ ಮೇಲೆ ಸೋಲುತ್ತದೆ. ಸೋಂಕು ತೆಳುವಾಗಿದ್ದರೆ ಕಾಳು ಸಿಗುವುದೇ ಇಲ್ಲ. ಅದಕ್ಕೆ ಈಗ ಕಾಳಿನ ಬದಲು ಅದರ ಡಿಎನ್‌ಎಯನ್ನು ಹುಡುಕುತ್ತೇವೆ. 1983ರಲ್ಲಿ ಕ್ಯಾರಿ ಮಲ್ಲಿಸ್ ಕಂಡುಹಿಡಿದ ಪಿಸಿಆರ್ ಕೋವಿಡ್ ಕಾಲದಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅದಕ್ಕೆ ದುಬಾರಿ ಯಂತ್ರ ಬೇಕು, ಕಾಯಿಸಿ ಆರಿಸಿ ಕಾಯಿಸಿ ಆರಿಸಿ ಒಂದನ್ನು ಎರಡು, ಎರಡನ್ನು ನಾಲ್ಕು ಮಾಡುತ್ತ ಹೋಗುತ್ತದೆ. ನಾನು ಬಳಸುವುದು 2000ದಲ್ಲಿ ಜಪಾನಿನವರು ಪ್ರಕಟಿಸಿದ ಲ್ಯಾಂಪ್ ಎಂಬ ವಿಧಾನ. ಒಂದೇ ಉಷ್ಣತೆ ಸಾಕು, 65 ಡಿಗ್ರಿಯ ಆಸುಪಾಸು. ಬಿಸಿನೀರಿನ ಪಾತ್ರೆಯಲ್ಲೂ ಮಾಡಬಹುದು. ಗಂಟೆಯೊಳಗೆ ಟ್ಯೂಬಿನ ಗುಲಾಬಿ ಬಣ್ಣ ಹಳದಿಗೆ ತಿರುಗಿದರೆ ರೋಗ ಇದೆ. "ಲ್ಯಾಂಪ್ ಮಾಡ್ತಿದೀನಿ" ಎಂದು ಫೋನಿನಲ್ಲಿ ಹೇಳಿದಾಗ ಅವ್ವ ಬಹಳ ದಿನ ನಾನು ದೀಪ ತಯಾರಿಸುವ ಕಂಪನಿಯಲ್ಲಿದ್ದೇನೆ ಅಂದುಕೊಂಡಿದ್ದಳು.

ಎರಡನೇ ವರ್ಷ ನನಗೆ ಒಂದು ಪಾಠವಾಯಿತು. ಪ್ರತಿ ಸಲವೂ ಒಂದು ಟ್ಯೂಬಿಗೆ ಮಾದರಿ ಹಾಕದೆ ಬರೀ ನೀರು ಹಾಕುತ್ತೇವೆ. ಅದು ಗುಲಾಬಿಯಾಗಿಯೇ ಉಳಿಯಬೇಕು. ಒಂದು ದಿನ ಅದೂ ಹಳದಿಯಾಯಿತು. ಮರುದಿನವೂ. ನೀರು ಬದಲಿಸಿದೆ, ಪಿಪೆಟ್ ಬದಲಿಸಿದೆ, ಮೇಜು ತೊಳೆದೆ. ಮೂರು ತಿಂಗಳು ನನ್ನ ಲೆಕ್ಕದಲ್ಲಿ ಜಗತ್ತಿನಲ್ಲಿರುವ ನೀರಿಗೆಲ್ಲ ಗಂಟುರೋಗ. ಹಿಂದಿನ ಟ್ಯೂಬುಗಳ ಮುಚ್ಚಳ ತೆಗೆದಾಗ ಹಾರಿದ ತುಣುಕುಗಳು ಮೇಜಿಗೆ, ಕೋಟಿಗೆ, ಗಾಳಿಗೆ ಸೇರಿಕೊಂಡಿದ್ದವು. ಪರೀಕ್ಷೆ ಅಷ್ಟು ಸೂಕ್ಷ್ಮವಾಗಿದ್ದುದರಿಂದ ನನ್ನದೇ ಧೂಳನ್ನು ಹಿಡಿದು ತೋರಿಸುತ್ತಿತ್ತು. ಕೊನೆಗೆ ಬೇರೆ ಕೋಣೆಗೆ ಹೋಗಿ, ಎಲ್ಲವನ್ನೂ ಹೊಸದಾಗಿ ತರಿಸಿ, ಮುಚ್ಚಳ ತೆಗೆಯದೆಯೇ ಓದಲು ಕಲಿತೆ.

ಇನ್ನು ಅಕ್ಕನ ವಿಷಯ. 2022ರ ಶ್ರಾವಣದಲ್ಲಿ ಅವಳಿಗೆ ಮೂರು ತಿಂಗಳು. ಮದುವೆಯಾಗಿ ಆರು ವರ್ಷದ ಮೇಲೆ, ತೊಟ್ಟಿಲ ಹರಕೆಯಾದ ಮೇಲೆ, ಗರ್ಭ ಪರೀಕ್ಷೆಯ ಕಾರ್ಡಿನಲ್ಲಿ ಎರಡು ಗೆರೆ ಬಂದಾಗ ಅವರ ಮನೆಯಲ್ಲಿ ಸಜ್ಜಿಗೆ ಮಾಡಿ ಬೀದಿಗೆಲ್ಲ ಹಂಚಿದ್ದರು. ಆಮೇಲೆ ತಾಯಿ ಕಾರ್ಡ್ ಮಾಡಿಸಿ ರಕ್ತ ಕೊಟ್ಟಳು. ಬಸುರಿಯರಿಗೆಲ್ಲ ಮಾಡುವ ಪರೀಕ್ಷೆಗಳೇ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ. ಈ ಕೊನೆಯದರ ಕಾರ್ಡಿನಲ್ಲೂ ಎರಡು ಗೆರೆ ಬಂತು. ಅವಳು ಭಾವನಿಗಿಂತ ಮೊದಲು ನನಗೆ ಫೋನ್ ಮಾಡಿದಳು.

"ನೀನು ಇದನ್ನೇ ಅಲ್ವೇನೇ ಓದ್ತಿರೋದು? ತಪ್ಪು ಬಂದಿರಬಹುದು ಅಂತ ಹೇಳು."

ತಪ್ಪು ಬರಬಹುದು ಎಂದೆ. ಸುಳ್ಳೇನಲ್ಲ. ಕಾರ್ಡು ಹಿಡಿಯುವುದು ವೈರಾಣುವಿನ ಮೇಲ್ಮೈ ಪ್ರೋಟೀನನ್ನು. 1960ರ ದಶಕದಲ್ಲಿ ಬರೂಕ್ ಬ್ಲಂಬರ್ಗ್ ಬೇರೇನನ್ನೋ ಹುಡುಕುತ್ತ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಅದನ್ನು ಕಂಡ. ಅದು ಕಾಮಾಲೆ ತರುವ ವೈರಾಣುವಿನ ಗುರುತು ಎಂದು ಆಮೇಲೆ ತಿಳಿಯಿತು. 1976ರಲ್ಲಿ ಅವನಿಗೆ ನೊಬೆಲ್ ಬಂತು. ಕಾರ್ಡಿನ ಫಲಿತಾಂಶವನ್ನು ಎಲೈಸಾದಲ್ಲಿ ಖಚಿತ ಮಾಡಿಕೊಳ್ಳಬೇಕು. ಮಾಡಿಸಿದೆವು. ಅದೂ ಪಾಸಿಟಿವ್. ವೈರಾಣು ಎಷ್ಟಿದೆ ಎಂದು ಪಿಸಿಆರ್‌ನಲ್ಲಿ ಎಣಿಸಿದರೆ ಸಂಖ್ಯೆ ಕೋಟಿ ದಾಟಿತ್ತು. ಅಕ್ಕನಿಗೆ ಒಂದು ದಿನವೂ ಜ್ವರ ಬಂದಿರಲಿಲ್ಲ. ಕಣ್ಣು ಹಳದಿಯಾಗಿರಲಿಲ್ಲ.

ಆ ಆಸ್ಪತ್ರೆಯಲ್ಲಿ ಅವಳ ಫೈಲಿನ ಮೇಲೆ ಯಾರೋ ಕೆಂಪು ಇಂಕಿನಲ್ಲಿ ದೊಡ್ಡದಾಗಿ ಬರೆದರು. ಊಟದ ಗಾಡಿ ತಳ್ಳಿಕೊಂಡು ಬಂದವಳಿಗೂ ಓದುವ ಹಾಗೆ. ಮನೆಯಲ್ಲಿ ಅತ್ತೆ ಒಂದು ತಟ್ಟೆ, ಒಂದು ಲೋಟ ಬೇರೆ ಇಟ್ಟರು. ಅವರು ಕೆಟ್ಟವರಲ್ಲ. ಹುಳದ ಮನೆ ನಡೆಸಿದವರು. ರೋಗ ಬಂದ ತಟ್ಟೆಯನ್ನು ಬೇರೆ ಇಡಬೇಕು ಎಂದು ಗೊತ್ತಿದ್ದವರು. ನಾನು ಹೋಗಿ ಕೂತು ವಿವರಿಸಿದೆ. ಅತ್ತೆ, ಇದು ಎಂಜಲಿನಿಂದ ಬರಲ್ಲ, ಜೊತೆಯಲ್ಲಿ ಉಂಡರೆ ಬರಲ್ಲ, ರಕ್ತದಿಂದ ಬರುತ್ತೆ, ಗಂಡ ಹೆಂಡಿರ ನಡುವೆ ಬರುತ್ತೆ, ಹೆರಿಗೆಯಲ್ಲಿ ಮಗುವಿಗೆ ಬರುತ್ತೆ, ಭಾವನಿಗೆ ಪರೀಕ್ಷೆ ಮಾಡಿಸಿದ್ದೇವೆ, ಇಲ್ಲ, ಲಸಿಕೆ ಹಾಕಿಸಿದರೆ ಆಯಿತು. ಅವರು ಎಲ್ಲ ಕೇಳಿ, "ಮಗೀಗೆ?" ಎಂದರು. ಸರಿಯಾದ ಪ್ರಶ್ನೆ.

ಉತ್ತರ ನನಗೆ ಗೊತ್ತಿತ್ತು. ಇಷ್ಟು ವೈರಾಣು ಇರುವ ತಾಯಿಯಿಂದ, ಏನೂ ಮಾಡದಿದ್ದರೆ, ಹತ್ತು ಮಕ್ಕಳಲ್ಲಿ ಏಳರಿಂದ ಒಂಬತ್ತಕ್ಕೆ ಬರುತ್ತದೆ. ಹಾಗೆ ಬಂದದ್ದು ಹೆಚ್ಚಿನ ಮಕ್ಕಳಲ್ಲಿ ಜೀವನಪೂರ್ತಿ ಉಳಿಯುತ್ತದೆ. ಆದರೆ ಕೊನೆಯ ಮೂರು ತಿಂಗಳು ತಾಯಿ ಮಾತ್ರೆ ನುಂಗಿ, ಮಗು ಹುಟ್ಟಿದ ಕೂಡಲೇ ಲಸಿಕೆಯೊಂದು, ಇಮ್ಯುನೊಗ್ಲಾಬ್ಯುಲಿನ್ ಒಂದು ಕೊಟ್ಟರೆ, ಬಹುತೇಕ ಎಲ್ಲ ಮಕ್ಕಳೂ ಉಳಿದುಕೊಳ್ಳುತ್ತವೆ. ಈ ಎರಡನೆಯದನ್ನು ಹನ್ನೆರಡು ಗಂಟೆಯೊಳಗೆ ಕೊಡಬೇಕು. ಸರ್ಕಾರದ ಕಾರ್ಯಕ್ರಮವೂ 2018ರಿಂದ ಇದೆ. ಆದರೆ 2023ರ ಫೆಬ್ರವರಿಯ ಆ ರಾತ್ರಿ ಹೆರಿಗೆಯಾದ ಆಸ್ಪತ್ರೆಯಲ್ಲಿ ಆ ವಯಲ್ ಖಾಲಿ. ಬೆಂಗಳೂರಿನಲ್ಲಿ ಮೂರು ಅಂಗಡಿ ಸುತ್ತಿ ಒಂದನ್ನು ಹಿಡಿದೆ. ನಮ್ಮ ಲ್ಯಾಬಿನ ಥರ್ಮಾಕೋಲ್ ಡಬ್ಬಿಯಲ್ಲಿ, ಐಸಿಗೆ ತಾಗಿ ಹೆಪ್ಪುಗಟ್ಟದ ಹಾಗೆ ಪೇಪರಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಬಂದೆ. ಹುಟ್ಟಿದ ಆರನೇ ಗಂಟೆಗೆ ಮಗುವಿನ ತೊಡೆಗೆ ಚುಚ್ಚಿದರು. ಕಿರುಚಿದ್ದು ಕಾರಿಡಾರಿಗೆಲ್ಲ ಕೇಳಿಸಿತು. ಐದು ವರ್ಷದ ಪಿಎಚ್‌.ಡಿ.ಯಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ಕೆಲಸ ಆ ಡಬ್ಬಿ ಹೊತ್ತದ್ದು ಎಂದು ಈಗಲೂ ಅನಿಸುತ್ತದೆ.

ಇದಕ್ಕೆ ಮೊದಲೇ ಅಕ್ಕನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಎದ್ದಿತ್ತು. ಅವ್ವನಿಗೆ ಪರೀಕ್ಷೆ ಮಾಡಿಸಿದೆವು. ಅವಳಿಗೂ ಇತ್ತು. ನಮ್ಮ ಅಜ್ಜಿ ಹೊಟ್ಟೆ ಊದಿಕೊಂಡು, ಕಣ್ಣು ಹಳದಿಯಾಗಿ, ಕಾಮಾಲೆಗೆ ನಾಟಿ ಔಷಧಿ ಕುಡಿಯುತ್ತ ಸತ್ತವಳು. ನಾವಿಬ್ಬರೂ ಹುಟ್ಟಿದ ಕಾಲಕ್ಕೆ ಊರಲ್ಲಿ ಈ ಪರೀಕ್ಷೆಯ ಹೆಸರು ಯಾರೂ ಕೇಳಿರಲಿಲ್ಲ. ಮಕ್ಕಳ ಲಸಿಕೆ ಪಟ್ಟಿಗೆ ಇದು ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ನಿಲ್ಲಿಸಲಿಲ್ಲ.

"ಅಂದ್ರೆ ನನ್ನಿಂದ ಬಂದದ್ದು."

"ನಿನಗೆ ಗೊತ್ತಿತ್ತೇನವ್ವ? ಅಜ್ಜಿಯಿಂದ ನಿನಗೆ ಬಂದಿರಬಹುದು."

"ಆ ಗುಂಡಿಗೆ ಹಾಕುದ್ರಲ್ಲಾ, ಹಂಗೆ ನಮ್ಮನ್ನೂ ಹಾಕಬೇಕಾಗಿತ್ತಾ?"

ನನ್ನ ಥೀಸಿಸ್ಸಿನಲ್ಲಿ ಒಂದು ವಾಕ್ಯವಿದೆ. ತಾಯಿಯಲ್ಲಿ ಸೋಂಕು ದೃಢಪಟ್ಟರೆ ಆ ತಾಯಿಯ ಮೊಟ್ಟೆಗಳನ್ನು ನಾಶಪಡಿಸಲಾಗುವುದು. ಎಷ್ಟೋ ಸಲ ಟೈಪ್ ಮಾಡಿದ್ದೇನೆ. ಅವ್ವನಿಗೆ ಉತ್ತರ ಕೊಡಲು ಬಾಯಿ ಬರದೆ ನಾನೂ ಅವರೆಕಾಯಿ ಸುಲಿದೆ.

ಇಷ್ಟು ಬರೆದ ಮೇಲೆ ಉಳಿದದ್ದನ್ನೂ ಬರೆಯಬೇಕು. ಅಕ್ಕನಿಗೆ, ಅವ್ವನಿಗೆ, ಭಾವನಿಗೆ, ಅಪ್ಪನಿಗೆ ಪರೀಕ್ಷೆ ಮಾಡಿಸಿದವಳು ನಾನೇ. ನನಗೆ ಮಾಡಿಸಿಕೊಂಡಿರಲಿಲ್ಲ. ದಿನಕ್ಕೆ ಐವತ್ತು ಟ್ಯೂಬು ಓದುವವಳು ಏಳು ತಿಂಗಳು ಮುಂದೂಡಿದೆ. ಥೀಸಿಸ್ ಅಧ್ಯಾಯ ಮುಗಿಯಲಿ, ಸೆಮಿನಾರ್ ಆಗಲಿ, ಹೆರಿಗೆ ಆಗಲಿ. ಲ್ಯಾಬಿಗೆ ಸೇರುವಾಗ ಕೊಟ್ಟ ಫಾರಮ್ಮಿನಲ್ಲಿ "ಹೆಪಟೈಟಿಸ್ ಬಿ ಲಸಿಕೆ ಆಗಿದೆಯೇ" ಎಂಬಲ್ಲಿ ಕಣ್ಣು ಮುಚ್ಚಿ ಹೌದು ಎಂದು ಗುರುತು ಹಾಕಿದ್ದೆ. ಕೊನೆಗೆ ಹಾಸ್ಟೆಲಿನಿಂದ ದೂರದ ಒಂದು ಕಲೆಕ್ಷನ್ ಸೆಂಟರಿನಲ್ಲಿ ರಕ್ತ ಕೊಟ್ಟೆ. ರಿಪೋರ್ಟು ಮೊಬೈಲಿಗೆ ಬಂದಾಗ ಸೆಂಟ್ರಿಫ್ಯೂಜ್ ತಿರುಗುತ್ತಿತ್ತು. ಅದು ನಿಲ್ಲುವ ತನಕ ತೆರೆಯಲಿಲ್ಲ.

ಪಾಸಿಟಿವ್. ವೈರಾಣು ಕಡಿಮೆ, ಲಿವರ್ ಚೆನ್ನಾಗಿದೆ, ಸದ್ಯಕ್ಕೆ ಔಷಧಿ ಬೇಡ, ಆರು ತಿಂಗಳಿಗೊಮ್ಮೆ ನೋಡಿಸಿಕೊಳ್ಳಬೇಕು. ಆ ಕ್ಷಣಕ್ಕೆ ಬಂದ ಮೊದಲ ಆಲೋಚನೆ ನಾಚಿಕೆಯದು. ನೀರಿನ ಟ್ಯೂಬ್ ಏನಾಗಿತ್ತೋ, ಅವರು ಕಂಟ್ರೋಲ್ ಸರಿಯಾಗಿ ಹಾಕಿದ್ದರೋ ಇಲ್ಲವೋ! "ತಪ್ಪು ಬಂದಿರಬಹುದು ಅಂತ ಹೇಳು" ಎಂದು ಅಕ್ಕ ಕೇಳಿದ್ದು ಇದನ್ನೇ. ನನ್ನ ಗೈಡ್ ಮೇಡಂಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಡಾಕ್ಟರು ಯಾರು, ಮುಂದಿನ ತಾರೀಕು ಯಾವಾಗ ಎಂದು ಕೇಳಿ ತಮ್ಮ ಕ್ಯಾಲೆಂಡರಿನಲ್ಲಿ ಬರೆದುಕೊಂಡರು. ಈಗ ನಾನು ಮರೆತರೂ ಅವರು ಮರೆಯುವುದಿಲ್ಲ.

ಮಗುವಿಗೆ ಹತ್ತು ತಿಂಗಳಾದಾಗ ರಕ್ತ ಪರೀಕ್ಷೆ. ಅದಕ್ಕಿಂತ ಮೊದಲು ಮಾಡುವಂತಿಲ್ಲ, ಹುಟ್ಟಿದಾಗ ಚುಚ್ಚಿದ ಇಮ್ಯುನೊಗ್ಲಾಬ್ಯುಲಿನ್ನೇ ಲೆಕ್ಕ ಕೆಡಿಸುತ್ತದೆ. ತಾಯಿಯ ಕೆಲವು ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಒಂದೂವರೆ ಎರಡು ವರ್ಷ ಓಡಾಡಿಕೊಂಡಿರುತ್ತವೆ. ಗೊತ್ತಿಲ್ಲದೆ ಅದನ್ನು ಅಳೆದರೆ ಮಗುವಿಗೆ ರೋಗವಿದೆ ಎಂದು ಭ್ರಮಿಸಿ ಹೆದರಬೇಕಾಗುತ್ತದೆ. ಹಾಗಾಗಿ ಯಾವುದನ್ನು ಕೇಳಬೇಕೋ ಅದನ್ನಷ್ಟೇ ಚೀಟಿಯಲ್ಲಿ ಬರೆಸಿದೆ. ಮೇಲ್ಮೈ ಪ್ರೋಟೀನ್ ಇಲ್ಲ. ರಕ್ಷಣೆಯ ಪ್ರತಿಕಾಯ ಬೇಕಾದಷ್ಟಿದೆ. ಅತ್ತೆ ರಿಪೋರ್ಟನ್ನು ಅರಿಶಿನ ಹಚ್ಚಿ ದೇವರ ಮುಂದಿಟ್ಟರು. ಬೇರೆ ಲೋಟ ಎಂದಿನಿಂದ ಮಾಯವಾಯಿತು ಎಂದು ಅಕ್ಕನಿಗೂ ನೆನಪಿಲ್ಲ.

ತೊಟ್ಟಿಲು ಒಪ್ಪಿಸಲು ಎಲ್ಲರೂ ದೊಡ್ಡಮಳೂರಿಗೆ ಬಂದರು. ಹೊಸ ದಶಪಥ ಆದ ಮೇಲೆ ಊರ ಮುಂದೆ ಮೊದಲಿನ ಗಲಾಟೆಯಿಲ್ಲ, ರಸ್ತೆ ದಾಟಲು ಅವ್ವ ನನ್ನ ಕೈ ಹಿಡಿಯಲಿಲ್ಲ. ಕೃಷ್ಣನ ಬೆಣ್ಣೆಯನ್ನು ಅಕ್ಕನ ಅಂಗೈಯಿಂದಲೇ ಮಗು ನೆಕ್ಕಿತು. ಮಂಟಪದ ಕಲ್ಲಿನ ಮೇಲೆ ಕೂತಾಗ ಅವ್ವ ಇದ್ದಕ್ಕಿದ್ದಂತೆ ಕೇಳಿದಳು:

"ನೀನು ಈಗ್ಲೂ ಆ ಚಿಟ್ಟೆನ ಅರೀತೀಯಾ?"

"ಅರೀಬೇಕಲ್ಲವ್ವ. ಮೊಟ್ಟೆ ಇಟ್ಟಮೇಲೆ ಅದು ಹೇಗೂ ಸಾಯುತ್ತೆ."

"ಸಾಯೋದು ಸಾಯ್ಲಿ. ಅರೀದೆ ನೋಡಕ್ಕಾಗಲ್ವಾ? ನಮ್ಮುನ್ನ ಅರುದ್ರಾ?"

ನಾನು ನಕ್ಕೆ. ವಾಪಸ್ ಬಸ್ಸಿನಲ್ಲಿ ಕೂತಾಗ ಯೋಚನೆ ಬಂತು. ಚಿಟ್ಟೆ ಗೂಡಿನಿಂದ ಹೊರಬಂದ ಕೂಡಲೇ ಕಂದು ಬಣ್ಣದ ಒಂದಿಷ್ಟು ದ್ರವ ಬಿಡುತ್ತದೆ. ಕೋಠಿಯಲ್ಲಿ ಅದನ್ನು ಒರೆಸಿ ಬಿಸಾಡುತ್ತಾರೆ. ರೋಗದ ಚಿಟ್ಟೆಯಾದರೆ ಅದರಲ್ಲೂ ಕಾಳುಗಳಿರುತ್ತವೆ. ಸೂಕ್ಷ್ಮದರ್ಶಕಕ್ಕೆ ಸಿಗದಷ್ಟು ಕಡಿಮೆ ಇದ್ದರೂ ನನ್ನ ಟ್ಯೂಬಿಗೆ ಸಿಗಬಹುದು. ಮೊಟ್ಟೆ ಇಡುವುದಕ್ಕೆ ಮೊದಲೇ ಗೊತ್ತಾಗಬಹುದು. ರಾಮನಗರ ದಾಟುವ ಹೊತ್ತಿಗೆ ಮೇಡಂಗೆ ಮೆಸೇಜ್ ಹಾಕಿದೆ. "ಎಷ್ಟು ಚಿಟ್ಟೆ ಬೇಕು?" ಎಂದು ಕೇಳಿದರು.

ಅರವತ್ತು ಚಿಟ್ಟೆಗಳ ಕೆಳಗೆ ಕಾಗದ ಹಾಸಿ ಸಂಗ್ರಹಿಸಿದ ಕಲೆಗಳು ಈಗ ಲ್ಯಾಬಿನ ಫ್ರೀಜರಿನಲ್ಲಿವೆ. ಕಂಟ್ರೋಲಿನ ನೀರನ್ನು ಈ ಸಲ ಬೇರೆ ಕೋಣೆಯಲ್ಲಿಟ್ಟಿದ್ದೇನೆ.